ಮೂವತ್ತು ವರ್ಷ ಅಟ್ಟದ ಮ್ಯಾಲಿದ್ದ ಕಾಕಾನ ಕಂಪ್ಯೂಟರ್

ಗಂಗಾವತ್ಯಾಗ ನಾನು ರೈಸ್ ಮಿಲ್ಲುಗಳ ಎಲೆಕ್ಟ್ರಾನಿಕ್ ಕಾಟಾ ರಿಪೇರಿ ಮಾಡ್ತೀನಿ, ಭತ್ತದ ಚೀಲ ತೂಗೋ ಕಾಟಾ, ಲಾರಿ ತೂಗೋ ವೇ ಬ್ರಿಡ್ಜಿನ ಡಿಸ್‌ಪ್ಲೇ, ಒಮ್ಮೊಮ್ಮೆ ಕಲರ್ ಸಾರ್ಟರಿನ ಪವರ್ ಸಪ್ಲೈ. ತೌಡಿನ ಧೂಳು, ಇಲಿ ಉಚ್ಚಿ, ಲೀಕ್ ಆದ ಬ್ಯಾಟರಿ, ದಿನಾ ನೋಡೋದು ಇವನ್ನ. ಹೋದ ಬ್ಯಾಸಗಿಯಾಗ ಆನೆಗೊಂದಿಯಿಂದ ನಮ್ಮ ಕಾಕಾ ಫೋನ್ ಮಾಡಿದ್ರು, "ತಮ್ಮಾ, ಅಟ್ಟ ಸ್ವಚ್ಛ ಮಾಡಾಕತ್ತೀವಿ, ಆ ಸಾಹೇಬ್ರ ಕಂಪ್ಯೂಟರ್ ಸಿಕ್ಕೈತಿ, ಗುಜರಿಗೆ ಹಾಕ್ಲೇನು?" ಅಂತ. ನಾನು ಆಗ ಮಿಲ್ಲಿನಾಗ ಕಾಟಾದ ಕೆಳಗ ಮಲಗಿ ವೈರ್ ಹಿಡ್ಕೊಂಡಿದ್ದೆ, ಅಲ್ಲಿಂದನ "ಹಾಕಬ್ಯಾಡ್ರಿ ಕಾಕಾ, ಸಂಜಿಕ ಬರ್ತೀನಿ" ಅಂದೆ.

ಆ ಸಾಹೇಬ್ರ ಕಥಿ ಮನ್ಯಾಗ ಎಲ್ರಿಗೂ ಗೊತ್ತು. 1980ರ ದಶಕದಾಗ ಒಬ್ಬ ವಿದೇಶಿ ಮನುಷ್ಯ ಪ್ರತಿ ಚಳಿಗಾಲಕ್ಕ ಆನೆಗೊಂದಿಗೆ ಬಂದು ನಮ್ಮ ಮನಿ ಮುಂದಿನ ಕ್ವಾಣ್ಯಾಗ ಇರ್ತಿದ್ರು. ಬೆಳಿಗ್ಗೆ ಹರಿಗೋಲು ಹತ್ತಿ ಹೊಳಿ ದಾಟಿ ಹಂಪಿ ಕಡೆ ಹೋಗಿ ಹಳೆ ಗ್ವಾಡಿ, ಅಗಸಿ ಎಲ್ಲ ಟೇಪು ಹಿಡಿದು ಅಳತಿ ಮಾಡೋದು, ಸಂಜಿಕ ಬಂದು ಕಟ್ಟಿ ಮ್ಯಾಲ ಕೂತು ತೊಡಿ ಮ್ಯಾಲ ಒಂದು ಬಿಳಿ ಡಬ್ಬಿ ಇಟ್ಕೊಂಡು ಕತ್ತಲಾಗೋ ತನಕ ಕಟಕಟ ಕಟಕಟ ಒತ್ತೋದು. ಹರಿಗೋಲಿನಾಗ ಹೋಗುವಾಗ ಅದನ್ನ ಎರಡು ಪ್ಲಾಸ್ಟಿಕ್ ಚೀಲದಾಗ ಸುತ್ತಿ ಎದಿಗೆ ಅವಚಿಕೊಂಡು ಕೂಡ್ತಿದ್ರಂತ. ಕರೆಂಟ್ ಇಲ್ಲದ ದಿನಾನೂ ಅದು ನಡೀತಿತ್ತು, ನಾಕು ಪೆನ್ಸಿಲ್ ಸೆಲ್ಲು ಹಾಕಿದ್ರ ಸಾಕು. ಆ ಸೆಲ್ಲು ಗಂಗಾವತಿಯಿಂದ ತರೋ ಕೆಲ್ಸ ಕಾಕಾಂದು, ಆಗ ಅವ್ರು ಇನ್ನೂ ಮದಿವಿ ಆಗದ ಹುಡುಗ. ಕೊನೆ ಸಲ ಬಂದಾಗ ಸಾಹೇಬ್ರು ಹೊಸದು ತಂದಿದ್ರು, ಹಳೇದನ್ನ ಕಾಕಾನ ಕೈಯಾಗ ಕೊಟ್ಟು ಹೋದ್ರು. ಆಮ್ಯಾಲ ಬರಲಿಲ್ಲ.

ಅವ್ರು ಹೋದ ಮ್ಯಾಲ ಕಾಕಾ ನಾಕು ಸೆಲ್ಲು ಹಾಕಿ ಸ್ವಿಚ್ ಒತ್ತಿದ್ರು, ಏನೂ ಬರಲಿಲ್ಲ. ಬ್ಯಾರೆ ಸೆಲ್ಲು ಹಾಕಿದ್ರು, ಆಗಲೂ ಇಲ್ಲ. ಹೊಸಪ್ಯಾಟಿಗೆ ಒಯ್ದು ಒಂದು ಅಂಗಡಿಯಾಗ ತೋರಿಸಿದ್ರ ಅವ್ರು ಬಿಚ್ಚಲೂ ಇಲ್ಲ, ಬೋರ್ಡ್ ಹೋಗೈತಿ, ಇದರ ಸಾಮಾನು ಇಲ್ಲಿ ಸಿಗಂಗಿಲ್ಲ ಅಂತ ತಿರುಗಿಸಿ ಕೊಟ್ರಂತ. ಕಾಕಾ ಮನಿಗೆ ತಂದು ಸೆಲ್ಲು ಹಂಗ ಬಿಟ್ಟು ಟ್ರಂಕಿನಾಗ ಇಟ್ರು, ಟ್ರಂಕು ಅಟ್ಟಕ್ಕ ಹೋತು.

ಸಂಜಿಕ ಹೋಗಿ ನೋಡಿದ್ರ ಟಿಆರ್‌ಎಸ್-80 ಮಾಡೆಲ್ 100. ನನಗ ಕೈ ನಡುಗಿತು ಖರೇನ. ಇದು 1983ರಾಗ ಬಂದ ಯಂತ್ರ, ಮಾಡಿದ್ದು ಜಪಾನಿನ ಕ್ಯೋಸೆರಾ, ಮಾರಿದ್ದು ಅಮೆರಿಕಾದ ಟ್ಯಾಂಡಿ ಕಂಪನಿ ತನ್ನ ರೇಡಿಯೋ ಶ್ಯಾಕ್ ಅಂಗಡಿಗಳಾಗ. ಒಂದು ದಪ್ಪ ನೋಟ್‌ಬುಕ್ಕಿನಷ್ಟು ಅಗಲ, ತೂಕ ಒಂದೂವರೆ ಕೇಜಿ ಒಳಗ. ಮುಚ್ಚಳ ಇಲ್ಲ, ಮಡಚೋದು ಇಲ್ಲ, ಮ್ಯಾಲ ಸ್ಕ್ರೀನು, ಕೆಳಗ ಪೂರ್ತಿ ಸೈಜಿನ ಕೀಬೋರ್ಡು. ಸ್ಕ್ರೀನಿನಾಗ 8 ಸಾಲು, ಸಾಲಿಗೆ 40 ಅಕ್ಷರ, ಹಿಂದ ಲೈಟ್ ಇಲ್ಲ. ಒಳಗ 80ಸಿ85 ಪ್ರೊಸೆಸರ್, ಮೆಮೊರಿ ಹೆಚ್ಚಂದ್ರ 32 ಕೆಬಿ, ಹೌದು ಕೆಬಿ. ಡಿಸ್ಕೂ ಇಲ್ಲ ಫ್ಲಾಪಿನೂ ಇಲ್ಲ, ಬರೆದದ್ದೆಲ್ಲ ಆ ಮೆಮೊರಿಯಾಗನ ಉಳೀಬೇಕು. ಅದರೊಳಗಿನ ಬೇಸಿಕ್, ಅಂದ್ರ ಪ್ರೋಗ್ರಾಂ ಬರೆಯೋ ಭಾಷೆ, ಮೈಕ್ರೋಸಾಫ್ಟಿಂದು, ಬಿಲ್ ಗೇಟ್ಸ್ ಸ್ವತಃ ಕೂತು ಕೋಡ್ ಬರೆದ ಕಡೀ ಕಡೀ ಯಂತ್ರಗಳಾಗ ಇದೂ ಒಂದು. ಅಮೆರಿಕಾದ ಪತ್ರಕರ್ತರು ಇದನ್ನ ಬಗಲಾಗ ಇಟ್ಕೊಂಡು ಊರೂರು ತಿರುಗಿ, ಸುದ್ದಿ ಬರೆದು, ಒಳಗಿದ್ದ 300 ಬಾಡ್ ಮೋಡೆಮ್ಮಿನಿಂದ ಫೋನ್ ಲೈನಿನಾಗ ಆಫೀಸಿಗೆ ಕಳಿಸ್ತಿದ್ರು, ಅಂದ್ರ ಸೆಕೆಂಡಿಗೆ ಹತ್ತತ್ರ 30 ಅಕ್ಷರ. ಈಗಿನ ಲೆಕ್ಕದಾಗ ಏನೂ ಅಲ್ಲ, ಆದ್ರ ಒಂದು ಪುಟದ ಸುದ್ದಿ ಒಂದೆರಡು ನಿಮಿಷದಾಗ ಮುಟ್ಟೋದು ಅವತ್ತಿಗೆ ದೊಡ್ಡ ಮಾತು.

ಅಂಗಡಿಗೆ ತಂದು ಮೊದಲು ಸೆಲ್ಲಿನ ಬಾಗಿಲು ತೆಗೆದೆ. ನಾಕು ಸೆಲ್ಲೂ ಒಡೆದು ಒಂದಕ್ಕೊಂದು ಅಂಟಿದ್ವು, ಸ್ಪ್ರಿಂಗಿನ ಮ್ಯಾಲ ಬಿಳೀ ಪುಡಿ ಕಟ್ಟಿತ್ತು. ಕಟ್ಟಿಗಿ ಕಡ್ಡಿಯಿಂದ ಮೆಲ್ಲಕ ಎಬ್ಬಿಸಿ ತೆಗೆದೆ. ಇಲ್ಲಿ ಒಂದು ಮಾತು ಹೇಳ್ಲೇಬೇಕು, ಯಾಕಂದ್ರ ನೆಟ್ಟಿನಾಗ ಎಲ್ಲ ಕಡೆ ಬ್ಯಾಟರಿ ಲೀಕ್ ಅಂದ್ರ ವಿನೆಗರ್ ಹಚ್ರಿ ಅಂತಾರ, ಅದು ಅರ್ಧ ಮಾತ್ರ ಖರೆ. ಆಗ ನಮ್ಮ ಕಡೆ ಸಿಗ್ತಿದ್ದ ಸಾದಾ ಸೆಲ್ಲು ಜಿಂಕ್ ಕಾರ್ಬನ್, ಅದರಿಂದ ಸೋರೋದು ಹುಳಿ ಗುಣದ್ದು, ಅದಕ್ಕ ಹುಳಿ ಹಚ್ಚಿದ್ರ ಏನು ಉಪಯೋಗ, ಅಡಗಿ ಸೋಡಾ ನೀರಾಗ ಕಲಸಿ ಹಚ್ಚಬೇಕು. ಆಲ್ಕಲೈನ್ ಸೆಲ್ಲು, ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇವು ಸೋರಿದ್ರ ಕ್ಷಾರ, ಅದಕ್ಕ ವಿನೆಗರ್ ಇಲ್ಲಾ ಲಿಂಬಿ ರಸ. ಈ ಯಂತ್ರದಾಗ ಎರಡೂ ಇದ್ವು, ಹೊರಗ ಕಾಕಾ ಹಾಕಿದ ಜಿಂಕ್ ಕಾರ್ಬನ್ ಸೆಲ್ಲು, ಒಳಗ ಬೋರ್ಡಿಗೆ ಬೆಸೆದಿದ್ದ 3.6 ವೋಲ್ಟಿನ ಸಣ್ಣ ನಿಕಲ್ ಕ್ಯಾಡ್ಮಿಯಂ. ಹಂಗಾಗಿ ಹೊರಗ ಸೋಡಾ, ಒಳಗ ಲಿಂಬಿಹಣ್ಣು. ಎರಡರ ಮ್ಯಾಲೂ ಡಿಸ್ಟಿಲ್ಡ್ ವಾಟರ್, ಇನ್ವರ್ಟರ್ ಬ್ಯಾಟರಿಗೆ ಹಾಕ್ತೀವಲ್ಲ ಅದ, ಆಮ್ಯಾಲ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ ಒಣಗಿಸಿದೆ.

ಸೆಲ್ಲಿನ ಡಬ್ಬಿ ಸ್ವಚ್ಛ ಮಾಡುವಾಗ ಯಂತ್ರ ಬೋರಲು ಹಾಕಿದ್ನಲ್ಲ, ಅಡಿಯಾಗ ಒಂದು ಸಣ್ಣ ಕಿಂಡಿ, ಅದರೊಳಗ ಉಗುರಿನಷ್ಟು ಒಂದು ಸ್ವಿಚ್ಚು, ಪಕ್ಕದಾಗ ಮೆಮೊರಿ ಪವರ್ ಅಂತ ಬರೆದೈತಿ. ಅದು ಆಫ್ ಇತ್ತು.

ನಾನು ಹಂಗ ಕುರ್ಚಿ ಮ್ಯಾಲ ಕೂತುಬಿಟ್ಟೆ. ಈ ಸ್ವಿಚ್ಚು ಯಂತ್ರವನ್ನ ಬಾಳ ದಿನ ಎತ್ತಿಡುವಾಗ ಆಫ್ ಮಾಡೋದಕ್ಕ ಇರೋದು, ಒಳಗಿನ ಸಣ್ಣ ಬ್ಯಾಟರಿ ಖಾಲಿ ಆಗಬಾರದು ಅಂತ. ಅದು ಆಫ್ ಇದ್ರ ಮೆಮೊರಿಯಾಗಿದ್ದದ್ದೂ ಹೋಗ್ತೈತಿ, ಹೊಸ ಸೆಲ್ಲು ಹಾಕಿದ್ರೂ ಯಂತ್ರ ಏಳಂಗಿಲ್ಲ. ಅಂದ್ರ ಸಾಹೇಬ್ರು ಕೊಡೋಕ್ಕಿಂತ ಮೊದಲ ತಮ್ಮ ಬರವಣಿಗೆ ಎಲ್ಲ ಹೊಸ ಯಂತ್ರಕ್ಕ ಹಾಕ್ಕೊಂಡು, ಇದನ್ನ ಖಾಲಿ ಮಾಡಿ, ಸರಿಯಾಗಿ ಮಲಗಿಸಿ ಕೊಟ್ಟಿದ್ರು. ಕಾಕಾ ಸೆಲ್ಲು ಹಾಕಿದ ದಿನ ಇದು ಕೆಟ್ಟಿರಲಿಲ್ಲ. ಆ ಅಂಗಡಿಯವ್ರು ಒಂದು ಸಲ ಬೋರಲು ಹಾಕಿ ನೋಡಿದ್ರೂ ಸಾಕಿತ್ತು. ಯಂತ್ರ ಕೆಟ್ಟಿದ್ದು ಆಮ್ಯಾಲ, ಅಟ್ಟದ ಮ್ಯಾಲ, ಸೋರಿದ ಸೆಲ್ಲಿನಿಂದ. ನನಗ ಭಾಳ ಸಂಕಟ ಆತು, ಒಂದು ಕಡೆ ಆ ನೋಟ್ಸು ಓದಬೇಕು ಅಂತ ನನ್ನ ಮನಸಿನಾಗ ಒಂದು ಆಸೆ ಇತ್ತು ಅದೂ ಅಲ್ಲಿಗೆ ಮುಗೀತು, ಇನ್ನೊಂದು ಕಡೆ ಕಾಕಾ ಇಷ್ಟು ವರ್ಷ ತಮ್ಮ ಕೈಯಾಗ ಬಂದು ಕೆಟ್ಟುಹೋತು ಅಂತ ಮನಸಿನಾಗ ಇಟ್ಕೊಂಡಿದ್ರು. ಅವತ್ತ ರಾತ್ರಿ ಫೋನ್ ಮಾಡಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮ್ಯಾಲ "ಹಂಗಾದ್ರ ನಾ ಕೆಡಿಸಿಲ್ಲ ಅನ್ನು" ಅಂದ್ರು.

ಇನ್ನ ರಿಪೇರಿ ವಿಷಯಕ್ಕ ಬರ್ತೀನಿ. ಅಡಿಯಾಗಿನ ನಾಕು ಸ್ಕ್ರೂ ತೆಗೆದ್ರ ಯಂತ್ರ ಪುಸ್ತಕದಂಗ ಎರಡು ಹೋಳಾಗ್ತೈತಿ, ಮ್ಯಾಲಿನ ಹೋಳಿನಾಗ ಸ್ಕ್ರೀನು ಕೀಬೋರ್ಡು, ಕೆಳಗಿನದ್ರಾಗ ಮುಖ್ಯ ಬೋರ್ಡು, ನಡುವ ಕೇಬಲ್ಲು. ಜಗ್ಗಬಾರದು, ಹಳೇ ಕೇಬಲ್ಲು ಅಲ್ಲೇ ಹರೀತಾವ. ಬೋರ್ಡಿನ ಮ್ಯಾಲ ಆ ಸಣ್ಣ ಬ್ಯಾಟರಿ ಸುತ್ತ ತಾಮ್ರ ಎಲ್ಲ ಹಸರು ಆಗಿತ್ತು, ಹಿತ್ತಾಳಿ ಚೆಂಬು ಹುಳಿಗೆ ಕಿಲುಬು ಹಿಡಿದಂಗ. ಬ್ಯಾಟರಿ ಕತ್ತರಿಸಿ ತೆಗೆದು, ಲಿಂಬಿ ರಸ ಹತ್ತಿ ಕಡ್ಡಿಗೆ ಹಚ್ಚಿ ಒಂದೊಂದ ಗೆರಿ ತಿಕ್ಕಿದೆ. ಮೊದಲು ಸಣ್ಣಗ ನೊರಿ ಬಂತು, ಆಮ್ಯಾಲ ತಾಮ್ರದ ಕೆಂಪು ಕಾಣಿಸ್ತು. ಒಂದು ಗೆರಿ ಪೂರ್ತಿ ತಿಂದು ಹೋಗಿತ್ತು, ಮೀಟರ್ ಬೀಪ್ ಅನ್ನಲಿಲ್ಲ, ಅದಕ್ಕ ಸಣ್ಣ ವೈರ್ ಹಾಕಿ ಕೂಡಿಸಿದೆ.

ಈ ಮಾಡೆಲ್ಲಿನಾಗ ಎಲ್ರಿಗೂ ಗೊತ್ತಿರೋ ಇನ್ನೊಂದು ರೋಗ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದ್ರ ಬೋರ್ಡಿನ ಮ್ಯಾಲ ಕರೆಂಟ್ ಹಿಡಿದಿಡೋ ಸಣ್ಣ ಡಬ್ಬಿಗಳು. ನಾಕು ದಶಕ ಆದ ಮ್ಯಾಲ ಬುಡದಾಗ ಸೋರಿ ಬೋರ್ಡು ತಿಂತಾವ. ಬಾಳ ಮಂದಿ ಬಿಚ್ಚಿದ ಕೂಡ್ಲೇ ಎಲ್ಲಾನೂ ಕಿತ್ತು ಹೊಸಾದು ಹಾಕ್ತಾರ. ನಾನು ಹಂಗ ಮಾಡಂಗಿಲ್ಲ. ಮೊದಲು ಅಳೀಬೇಕು. ಕಿತ್ತು ಹಾಕಿದ ಮ್ಯಾಲ ಒಂದು ಹೊಸ ತಪ್ಪು ಆದ್ರ ಅದು ಹಳೇ ರೋಗೋ ನಮ್ಮ ಕೈಯಾಗಿಂದೋ ಅಂತ ಗೊತ್ತಾಗಂಗಿಲ್ಲ. ಕಾಟಾ ರಿಪೇರಿಯಾಗೂ ಇದ ಪದ್ಧತಿ.

ಹಂಗಾಗಿ ಸೆಲ್ಲು ಹಾಕಲಾರದ, ಬೆಂಚ್ ಸಪ್ಲೈನಿಂದ (ವೋಲ್ಟು, ಕರೆಂಟು ನಮಗ ಬೇಕಾದಷ್ಟಕ್ಕ ಇಟ್ಕೊಳ್ಳೋ ಯಂತ್ರ) 6 ವೋಲ್ಟ್ ಕೊಟ್ಟೆ, ಕರೆಂಟ್ 200 ಮಿಲಿ ಆಂಪಿಗೆ ಕಟ್ಟಿ ಹಾಕಿ. ಏನರ ಶಾರ್ಟ್ ಇದ್ರ ಸಪ್ಲೈ ತಾನ ತಡೀತೈತಿ, ಬೋರ್ಡು ಸುಡಂಗಿಲ್ಲ. ಅಡಾಪ್ಟರ್ ಹಾಕೋರಿಗೆ ಒಂದು ಎಚ್ಚರಿಕಿ, ಈ ಯಂತ್ರಕ್ಕ ಪಿನ್ನಿನ ನಡುವ ಮೈನಸ್ಸು, ಹೊರಗ ಪ್ಲಸ್ಸು. ಈಗ ನಮ್ಮ ಕೈಗೆ ಸಿಗೋ ಅಡಾಪ್ಟರ್ ಹೆಚ್ಚಾಗಿ ಉಲ್ಟಾ. ಮೀಟರ್ ಹಚ್ಚಿ ನೋಡದ ಚುಚ್ಚಬ್ಯಾಡ್ರಿ.

ಅಡಿಯಾಗಿನ ಸ್ವಿಚ್ ಆನ್ ಮಾಡಿ ಪವರ್ ಹಾಕಿದೆ. ಸಪ್ಲೈ ಮೀಟರಿನಾಗ ಕರೆಂಟ್ ಸ್ವಲ್ಪ ಏರಿ ನಿಂತ್ಕೊಂತು, ಹಂಗಂದ್ರ ಶಾರ್ಟ್ ಇಲ್ಲ, ಏನೋ ಒಂದು ನಡದೈತಿ. ಸ್ಕ್ರೀನು ಮಾತ್ರ ಖಾಲಿ, ಕಾಂಟ್ರಾಸ್ಟಿನ ಗಾಲಿ ಈ ಕಡಿಂದ ಆ ಕಡಿಗೆ ತಿರುವಿದ್ರೂ ಒಂದು ನೆರಳೂ ಇಲ್ಲ. ಬೋರ್ಡಿನ ಮ್ಯಾಲ ಅಳೆದೆ. ಸೆಲ್ಲಿನ 6 ವೋಲ್ಟ್ ತಗೊಂಡು ಒಂದು ಸಣ್ಣ ಕನ್ವರ್ಟರ್ ಪ್ಲಸ್ 5, ಮೈನಸ್ 5 ಎರಡೂ ತಯಾರ ಮಾಡಬೇಕು. ಪ್ಲಸ್ 5 ಇತ್ತು, 4.9 ಚಿಲ್ಲರ. ಮೈನಸ್ 5 ಇರಬೇಕಾದ ಕಡೆ ಬರೇ ಮೈನಸ್ 1.3. ಪ್ರೊಸೆಸರ್, ರಾಮ್ (ನಾವು ಬರೆದದ್ದು ಉಳಿಯೋ ಮೆಮೊರಿ), ರೋಮ್ (ಕಂಪನಿಯವ್ರು ಮೊದಲ ಬರೆದಿಟ್ಟ ಮೆಮೊರಿ) ಎಲ್ಲ ಪ್ಲಸ್ 5ರ ಮ್ಯಾಲ ನಡೀತಾವ, ಸ್ಕ್ರೀನಿಗೆ ಮೈನಸ್ಸೂ ಬೇಕು. ಅಂದ್ರ ಒಳಗ ಜೀವ ಇದ್ದು ಮುಖ ಮಾತ್ರ ಕಾಣ್ತಿಲ್ಲ ಅಂತ ಇರಬಹುದಲ್ಲ?

ಅದನ್ನ ನೋಡಾಕ ಒಂದು ದಾರಿ ಐತಿ. ಕಂಟ್ರೋಲ್ ಮತ್ತ ಪಾಜ್ (ಬ್ರೇಕ್) ಕೀ ಎರಡೂ ಒತ್ತಿ ಹಿಡ್ಕೊಂಡು ಹಿಂದಿನ ರೀಸೆಟ್ ಬಟನ್ ಒತ್ತಿದ್ರ ಮೆಮೊರಿಯಾಗಿನ ಕಸ ಎಲ್ಲ ಅಳಿಸಿ ಯಂತ್ರ ಮೊದಲಿನಿಂದ ಸುರು ಆಗ್ತೈತಿ, ಕೋಲ್ಡ್ ಸ್ಟಾರ್ಟ್ ಅಂತಾರ. ಸುರು ಆದ್ರ ಮೆನು ಬರ್ತೈತಿ, ಮೆನುವಿನಾಗ ಮೊದಲನೇ ಹೆಸರು ಬೇಸಿಕ್, ಕರ್ಸರ್ ಅದರ ಮ್ಯಾಲ ಇರ್ತೈತಿ. ಕಾಣದಿದ್ರ ಏನಾತು, ಎಂಟರ್ ಒತ್ತಿದ್ರ ಬೇಸಿಕ್ಕಿನ ಒಳಗ ಹೋಗಲೇಬೇಕು. ಆಮ್ಯಾಲ ಬೀಪ್ ಅಂತ ಟೈಪ್ ಮಾಡಿ ಎಂಟರ್. ಬೇಸಿಕ್ಕಿನಾಗ ಅದೊಂದು ಕಮಾಂಡು, ಸದ್ದು ಮಾಡು ಅಂತ.

ಬಾಗಿಲು ಮುಂದ ಮಾಡಿ ಫ್ಯಾನ್ ಆರಿಸಿದೆ, ಸದ್ದು ಸಣ್ಣದಿದ್ರ ಕೇಳಂಗಿಲ್ಲ ಅಂತ. ಖಾಲಿ ಸ್ಕ್ರೀನ್ ನೋಡ್ಕೋತ ಒಂದೊಂದ ಕೀ ನಿಧಾನಕ ಒತ್ತಿದೆ, ಬಿ, ಇ, ಇ, ಪಿ, ಎಂಟರ್. ಏನೂ ಇಲ್ಲ. ಇನ್ನೊಮ್ಮೆ. ಏನೂ ಇಲ್ಲ. ಹಳೇ ಕೀ ಅಲ್ಲೇನು, ಒಳಗ ಧೂಳು ಕೂತಿರ್ತೈತಿ ಅಂತ ಆ ನಾಕು ಕೀಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಐವತ್ತು ಐವತ್ತು ಸಲ ಒತ್ತಿ ಬಿಟ್ಟು, ಮತ್ತ ಕೋಲ್ಡ್ ಸ್ಟಾರ್ಟ್ ಮಾಡಿ, ಎಂಟರ್, ಬಿ, ಇ, ಇ, ಪಿ, ಎಂಟರ್. ಪೀಂ ಅಂತು. ಸಣ್ಣ, ಚೂಪು ಸದ್ದು. ಮೂವತ್ತು ವರ್ಷದ ಮ್ಯಾಲ ಮೊದಲ ಸದ್ದು. ನಾನು ಇನ್ನೂ ಆರೇಳು ಸಲ ಅದನ್ನ ಮಾಡಿಸಿ ಕೇಳಿದೆ, ಕಣ್ಣಾಗ ನೀರು ಬಂದಿದ್ವು. ಪ್ರೊಸೆಸರ್ ಜೀವಂತ, ರೋಮ್ ಜೀವಂತ, ರಾಮ್ ಜೀವಂತ, ಕೀಬೋರ್ಡ್ ಜೀವಂತ, ಇಷ್ಟೆಲ್ಲ ಒಂದು ಸದ್ದಿನಾಗ ಗೊತ್ತಾತು.

ಇನ್ನ ಕೆಪಾಸಿಟರ್ ಬದಲಿ ಮಾಡಾಕ ಕಾರಣ ಸಿಕ್ತು. ಮೈನಸ್ 5 ಮಾಡೋ ಜಾಗದಾಗಿನ ಕೆಪಾಸಿಟರ್ ಬುಡದಾಗ ಜಿಡ್ಡು ಇತ್ತು, ಸೋಲ್ಡರ್ ಮಂಕಾಗಿತ್ತು, ಕಾಯಿಸಿದ್ರ ಹೊಲಸು ಮೀನಿನ ವಾಸನಿ. ಅದೊಂದ ಸೋರಿದ್ರ ಉಳದವೂ ಇವತ್ತಲ್ಲ ನಾಳಿ ಸೋರ್ತಾವ, ಹಂಗಾಗಿ ಈಗ ಎಲ್ಲಾನೂ ಬದಲಿ ಮಾಡೋದ ಸರಿ ಅನ್ನಿಸ್ತು, ಇಪ್ಪತ್ತರ ಆಸುಪಾಸು ಅದಾವ. ಬೆಂಗಳೂರಿಗೆ ಹೋಗೋ ಒಬ್ಬ ಮಿಲ್ಲಿನ ಹುಡುಗನ ಕೈಯಾಗ ಚೀಟಿ ಕೊಟ್ಟು ಎಸ್‌ಪಿ ರೋಡಿನಿಂದ ತರಿಸಿದೆ, 105 ಡಿಗ್ರಿ ತಡಿಯೋವು, ಗಿಡ್ಡ ಸೈಜು. ಎತ್ತರ ನೋಡ್ಕೊಂಡು ತರಬೇಕು, ಮ್ಯಾಲ ಕೀಬೋರ್ಡ್ ಕೂಡೋದ್ರಿಂದ ಉದ್ದ ಇದ್ದವನ್ನ ಮಲಗಿಸಬೇಕಾಗ್ತೈತಿ. ತೆಗೆಯುವಾಗ ಅವಸರ ಮಾಡಬಾರದು, ಈ ಬೋರ್ಡಿನ ತೂತಿನ ಒಳಗಿನ ತಾಮ್ರ ಸೂಕ್ಷ್ಮ, ಜಗ್ಗಿದ್ರ ಗೆರಿ ಸಮೇತ ಎದ್ದು ಬರ್ತೈತಿ. ಮೊದಲು ಹೊಸ ಸೋಲ್ಡರ್ ಸ್ವಲ್ಪ ಕೂಡಿಸಿ, ಕರಗಿಸಿ, ವಿಕ್ಕಿನಿಂದ (ಸೋಲ್ಡರ್ ಹೀರೋ ತಾಮ್ರದ ಪಟ್ಟಿ) ಹೀರಿ, ತಾನ ಸಡ್ಲ ಆದ ಮ್ಯಾಲ ಎತ್ತಬೇಕು. ದಿನಾ ರಾತ್ರಿ ಮಿಲ್ಲಿನ ಕೆಲ್ಸ ಮುಗಿಸಿ ಮೂರು ನಾಕು ಬದಲಿ ಮಾಡ್ತಿದ್ದೆ, ಒಂದೊಂದಕ್ಕೂ ಪ್ಲಸ್ ಮೈನಸ್ ಎರಡೆರಡು ಸಲ ನೋಡಿ. ಒಂದು ವಾರ ಹಿಡೀತು.

ಎಂಟನೇ ದಿನ ಪವರ್ ಹಾಕಿ ಮೊದಲು ಮೀಟರ್ ನೋಡಿದೆ, ಮೈನಸ್ 4.9. ಆಮ್ಯಾಲ ಸ್ಕ್ರೀನ್ ನೋಡಿದೆ, ಪೂರಾ ಕರ್ರಗ. ಕಾಂಟ್ರಾಸ್ಟ್ ಗಾಲಿ ಹಿಂದಕ್ಕ ತಿರುವಿದ್ರ ಆ ಕಪ್ಪು ತಿಳಿಯಾಗ್ತಾ ಹೋಗಿ ಅಕ್ಷರ ಮ್ಯಾಲ ಬಂದ್ವು, ಮ್ಯಾಲಿನ ಸಾಲಿನಾಗ ಜನವರಿ 1, 1900, ಮೈಕ್ರೋಸಾಫ್ಟಿನ ಹೆಸರು, ಕೆಳಗ ಬೇಸಿಕ್, ಟೆಕ್ಸ್ಟ್, ಟೆಲ್‌ಕಾಮ್, ಅಡ್ರೆಸ್, ಶೆಡ್ಯೂಲ್ ಹೀಂಗ ಐದು ಹೆಸರು, ಕಡೀ ಸಾಲಿನಾಗ 29638 ಬೈಟ್ ಖಾಲಿ ಐತಿ ಅಂತ. ಈ 29638 ಅನ್ನೋ ಸಂಖ್ಯಾ ಬಂದ್ರ 32 ಕೆಬಿ ಮೆಮೊರಿ ಪೂರ್ತಿ ಸರಿ ಐತಿ ಅಂತ ಅರ್ಥ, ಒಂದು ಮೆಮೊರಿ ಮಾಡ್ಯೂಲ್ ಸತ್ತಿದ್ರ 8 ಕೆಬಿ ಕಮ್ಮಿ ತೋರಿಸ್ತಿತ್ತು. ತಾರೀಖು ಮಾತ್ರ ಈ ಶತಮಾನಕ್ಕ ಬರಂಗಿಲ್ಲ. ಒಳಗಿನ ಗಡಿಯಾರದ ಚಿಪ್ಪಿಗೆ ವರ್ಷ ಅನ್ನೋದ ಗೊತ್ತಿಲ್ಲ, ರೋಮಿನಾಗ 19 ಅಂತ ಗಟ್ಟಿಯಾಗಿ ಬರೆದುಬಿಟ್ಟಾರ, ನೀವು 25 ಹಾಕಿದ್ರ 1925 ಅಂತ ತೋರಿಸ್ತೈತಿ. ನಾನು ಹಂಗ ಬಿಟ್ಟೀನಿ, ಅದು ಅದರ ಹುಟ್ಟುಗುಣ.

ನಮ್ಮ ಕಡೆ ಬಿಸಲಿಗೆ ಇನ್ನೊಂದು ಕಂಡೆ, ಮಧ್ಯಾಹ್ನ ಅಂಗಡಿ ಕಾದಾಗ ಸ್ಕ್ರೀನು ಕಪ್ಪಾಗ್ತೈತಿ, ರಾತ್ರಿ ತಂಪಿಗೆ ಮಂಕಾಗ್ತೈತಿ. ಕೆಟ್ಟಿಲ್ಲ ಅದು, ಆ ಕಾಲದ ಎಲ್‌ಸಿಡಿ ಶಾಖಕ್ಕ ಹಂಗ ಮಾಡ್ತೈತಿ, ಗಾಲಿ ತಿರುವಿದ್ರ ಆತು.

ಮೆಮೊರಿ ಉಳಿಸೋ ಬ್ಯಾಟರಿಗೆ ಮೂಲದಂತಾದ್ದು ಹುಡುಕಲಿಲ್ಲ, ಕಾರ್ಡ್‌ಲೆಸ್ ಫೋನಿನ 3.6 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕು ನಮ್ಮ ಪ್ಯಾಟಿಯಾಗ ಸಿಗ್ತೈತಿ. ಅದನ್ನ ಬೋರ್ಡಿಗೆ ಬೆಸೀಲಾರದ, ಉದ್ದ ವೈರಿಗೆ ಕಟ್ಟಿ, ಪ್ಲಾಸ್ಟಿಕ್ ಸುತ್ತಿ ಕೇಸಿನ ಖಾಲಿ ಮೂಲ್ಯಾಗ ಇಟ್ಟೀನಿ, ಮುಂದ ಸೋರಿದ್ರೂ ಬೋರ್ಡಿಗೆ ಮುಟ್ಟಬಾರದು. 3.6 ವೋಲ್ಟ್ ಅಂತ ಬರೆದೈತಿ ಅಂತ ಚಾರ್ಜ್ ಆಗದ ಲಿಥಿಯಂ ಸೆಲ್ಲು ಯಾರೂ ಹಾಕಬ್ಯಾಡ್ರಿ, ಈ ಯಂತ್ರ ಆ ಜಾಗಕ್ಕ ಚಾರ್ಜ್ ಕೊಡ್ತಾನ ಇರ್ತೈತಿ, ಲಿಥಿಯಂ ಉಬ್ಬಿ ಒಡೀತೈತಿ.

ಆಮ್ಯಾಲ ನಾನು ಕಾಕಾಗ ತೋರಿಸಾಕ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಈ ಯಂತ್ರಕ್ಕ ಕನ್ನಡ ಬರಂಗಿಲ್ಲ, ಆದ್ರ ಸ್ಕ್ರೀನಿನಾಗ ಅಡ್ಡ 240, ಉದ್ದ 64 ಚುಕ್ಕಿ ಅದಾವ, ಬೇಸಿಕ್ಕಿನ ಪಿಸೆಟ್ ಕಮಾಂಡಿನಿಂದ ಬೇಕಾದ ಚುಕ್ಕಿ ಹಚ್ಚಬಹುದು. ಮಗಳ ಗಣಿತದ ಗ್ರಾಫ್ ಬುಕ್ಕಿನಾಗ ಪೆನ್ಸಿಲಿನಿಂದ ಆನೆಗೊಂದಿ ಅಂತ ದಪ್ಪಗ ಬರೆದು, ಯಾವ ಯಾವ ಮನಿ ತುಂಬೈತಿ ಅಂತ ಎಣಿಸಿ ಸಂಖ್ಯಾ ಬರ್ಕೊಂಡು ಡೇಟಾ ಸಾಲಿನಾಗ ಹಾಕಿದೆ. ಎಣಿಸೋದ್ರಾಗ ಮಗಳು ಕೂಡಿದ್ಲು, ಗೊಂ ಅಕ್ಷರಕ್ಕ ಬಾಳ ಚುಕ್ಕಿ ಹೋದ್ವು.

ಐತವಾರ ಆನೆಗೊಂದಿಗೆ ಒಯ್ದೆ. ಕಾಕಾ ಕಟ್ಟಿ ಮ್ಯಾಲ ಕೂತಿದ್ರು, ಸಾಹೇಬ್ರು ಕೂಡ್ತಿದ್ದ ಅದ ಕಟ್ಟಿ. ತೊಡಿ ಮ್ಯಾಲ ಇಟ್ಟು ರನ್ ಒತ್ತಿಸಿದೆ. ಪ್ರೊಸೆಸರ್ ನಿಧಾನ, ಚುಕ್ಕಿ ಒಂದೊಂದಾಗಿ ಬೀಳ್ತಾವ, ಮೊದಲು ಆ ಮೂಡ್ತು, ಆಮ್ಯಾಲ ನೆ, ಗೊಂ ಮೂಡುವಾಗ ಕಾಕಾ ಓದಿಬಿಟ್ಟಿದ್ರು. ಚಿಗವ್ವನ್ನ ಕರೆದು ತೋರಿಸಿದ್ರು. ಆಮ್ಯಾಲ ಟೆಕ್ಸ್ಟ್ ತೆಗೆಸ್ಕೊಂಡು ಎರಡು ಬೆರಳಿನಾಗ ತಮ್ಮ ಹೆಸರು ಇಂಗ್ಲಿಷ್ನಾಗ ಒತ್ತಿದ್ರು, ಕೀ ಸದ್ದು ಕೇಳಿ "ಹೌದು, ಇದ ಸದ್ದು" ಅಂದ್ರು, ಇನ್ನೂ ಸ್ವಲ್ಪ ಹೊತ್ತು ಏನೇನೋ ಒತ್ಕೋತ ಕೂತ್ರು, ಅಕ್ಷರಕ್ಕಿಂತ ಆ ಸದ್ದು ಅವ್ರಿಗೆ ಬೇಕಿತ್ತು ಅನ್ನಿಸ್ತು.

ಯಂತ್ರ ಈಗ ಅವ್ರ ಹತ್ರಾನ ಐತಿ. ನನಗ ಇನ್ನೂ ಕ್ಯಾಸೆಟ್ ಪೋರ್ಟ್ ನೋಡೋದು ಬಾಕಿ ಐತಿ, ಪ್ರೋಗ್ರಾಮನ್ನ ಸದ್ದಿನ ರೂಪದಾಗ ಮೊಬೈಲಿಗೆ ರೆಕಾರ್ಡ್ ಮಾಡಿ ತಿರುಗಿ ಒಳಗ ಹಾಕಬಹುದು, ಅದಕ್ಕ ಕೇಬಲ್ ಮಾಡಾಕತ್ತೀನಿ. ಸೀರಿಯಲ್ ಪೋರ್ಟ್ ಸರಿ ಐತಿ, ಯುಎಸ್‌ಬಿ ಕನ್ವರ್ಟರ್ ಹಾಕಿ 9600 ಬಾಡಿನಾಗ ನನ್ನ ಲ್ಯಾಪ್‌ಟಾಪಿಗೆ ಮಾತಾಡಿತು. ಮೊನ್ನೆ ಕಾಕಾ ಫೋನ್ ಮಾಡಿ ಮಳಿಗಾಲದಾಗ ಹೆಂಗ ಇಡ್ಲಿ ಅಂತ ಕೇಳಿದ್ರು. ಸೆಲ್ಲು ತೆಗೀರಿ, ಅಡಿಯಾಗಿನ ಸ್ವಿಚ್ಚು ಆಫ್ ಮಾಡ್ರಿ ಅಂದೆ. "ತಡಿ, ಬರ್ಕೊಂತೀನಿ" ಅಂದು ಪೆನ್ನು ತಂದು, ಒಂದು ಚೀಟಿಯಾಗ ಬರೆದು ಯಂತ್ರದ ಬೆನ್ನಿಗೆ ಅಂಟಿಸ್ಯಾರ.